ಸಹಾಯ ಬೇಕು: ನಮ್ಮ ಐನ್‌ಮನೆಯನ್ನು ಮಾರುವ ಮಾತು ನಡೆಯುತ್ತಿದೆ

ಎಲ್ಲರಿಗೂ ನಮಸ್ಕಾರ. ಕೊಡಗಿನ ವಿರಾಜಪೇಟೆ ಕಡೆಯ ನಮ್ಮ ಒಕ್ಕದ (ಕುಲದ) ಐನ್‌ಮನೆಯನ್ನು, ಅಂದರೆ ಎಲ್ಲರಿಗೂ ಸೇರಿದ ಮೂಲ ಮನೆಯನ್ನು, ರೆಸಾರ್ಟಿನವರು ಕೇಳುತ್ತಿದ್ದಾರೆ. ಬೆಂಗಳೂರಿನಲ್ಲಿರುವ ದಾಯಾದಿಗಳಿಗೆ ಮಾರುವ ಮನಸ್ಸಿದೆ. ಹೆಂಚು ಬದಲಿಸಿ ಸಾಕಾಗಿದೆ ಎನ್ನುತ್ತಾರೆ, ಅದೂ ಸುಳ್ಳಲ್ಲ. ಕಳೆದ ಮಳೆಗಾಲದಲ್ಲಿ ಕೈಯಾಲೆಯ (ಮುಂದಿನ ಜಗಲಿಯ) ಒಂದು ಕಂಬ ಬುಡದಿಂದ ಕುಂಬಾಗಿತ್ತು. ಬೆರಳಿಟ್ಟರೆ ಒಳಗೆ ಹೋಗುತ್ತದೆ. ಆದರೆ ಪಕ್ಕದಲ್ಲೇ ನಮ್ಮ ಹಿರಿಯರ ಗುಡಿಯಾದ ಕೈಮಡವಿದೆ. ಸುಗ್ಗಿ ಹಬ್ಬವಾದ ಪುತ್ತರಿಗೆ ಕದಿರು ತಂದು ಕಟ್ಟುವುದು ಈ ಮನೆಯಲ್ಲೇ. ಮಾರಿದ ಮೇಲೆ ಕಾರೋಣನಿಗೆ (ಒಕ್ಕದ ಮೂಲಪುರುಷನಿಗೆ) ಮೀದಿ, ಅಂದರೆ ಎಡೆ, ಇಡಲು ರೆಸಾರ್ಟಿನ ಗೇಟಿನಲ್ಲಿ ಹೆಸರು ಬರೆಸಿ ಒಳಗೆ ಹೋಗಬೇಕೇ?

ಊರಿನ ಹಿರಿಯರು ಎರಡು ಬಾರಿ ಕೂಡಿಸಿ ಮಾತಾಡಿಸಿದರು, ಒಮ್ಮತ ಬರಲಿಲ್ಲ. ತಾಲ್ಲೂಕು ಕಚೇರಿಗೆ ಹೋದರೆ ಪಹಣಿ ಕೊಟ್ಟು ಕಳುಹಿಸಿದರು. ಇದು ಜಮ್ಮಾ ಜಾಗ, ಅಂದರೆ ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದದ್ದು; ತೀರಿಹೋದ ಪಟ್ಟೆದಾರರ (ಒಕ್ಕದ ಪರವಾಗಿ ದಾಖಲೆಯಲ್ಲಿದ್ದ ಹಿರಿಯರ) ಹೆಸರಿನ ಜತೆಗೆ ನಮ್ಮ ಹಲವರ ಹೆಸರೂ ಇದೆ. ವಿಭಾಗ ಪತ್ರವಾಗಿಲ್ಲ. ಒಬ್ಬ ವಕೀಲರು ‘ಎಲ್ಲರ ಸಹಿ ಬೇಕು’ ಎಂದರೆ, ಇನ್ನೊಬ್ಬರು ‘ಅವರವರ ಪಾಲನ್ನು ಅವರು ಮಾರಬಹುದು’ ಎಂದರು. ನಾನು ಗೊಂದಲದಲ್ಲಿ ಸಿಕ್ಕಿರುವುದು ಇಲ್ಲಿಯೇ.

ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ಕಟ್ಟಡಗಳ ಪ್ರಸ್ತಾಪವಿದೆ. ನಮ್ಮ ಮನೆ ಅದಕ್ಕಿಂತ ಹಳೆಯದು. ಆದರೆ ಸಂರಕ್ಷಿತ ಎಂದು ಘೋಷಣೆಯಾದರೆ ನಾವೇ ಒಂದು ಹೆಂಚು ಬದಲಿಸಲೂ ಅನುಮತಿಗೆ ಅಲೆಯಬೇಕಾದೀತೆಂಬ ಭಯ ಚಿಕ್ಕಪ್ಪನಿಗೆ.

ಇಂಥದ್ದನ್ನು ದಾಟಿ ಬಂದವರು ಇದ್ದರೆ ದಯವಿಟ್ಟು ಹೇಳಿ: ವಿಭಾಗವಾಗದ ಜಮ್ಮಾ ಜಾಗದ ಐನ್‌ಮನೆಯನ್ನು ಕೆಲವರ ಸಹಿಯಿಂದಲೇ ನೋಂದಣಿ ಮಾಡಿಸಲು ಸಾಧ್ಯವೇ? ಸಾಧ್ಯವಿದ್ದರೆ, ಅದಕ್ಕೂ ಮೊದಲು ನಾನು ತಕರಾರು ಅರ್ಜಿಯನ್ನು ಯಾವ ಕಚೇರಿಗೆ ಕೊಡಬೇಕು?