ತರವಾಡು ಮನೆ ಗುಂಪು: ಹೊರಗಿನ ಬೆಂಚು

ನಾನು: ಮೇಲೆ ಹಾಕಿದ ಲೇಖನ ಎಲ್ಲರೂ ಓದಿ. ಅಮೆರಿಕದಲ್ಲಿ ಮಾಜಿ ಸೈನಿಕರಿಗೆ ಆಘಾತದ ನಂತರ ಉಳಿಯುವ ಮನಸ್ಸಿನ ತೊಂದರೆಗೆ (ಪಿಟಿಎಸ್‌ಡಿ) ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ಚಿಕಿತ್ಸೆ ಕೊಡುತ್ತಾರೆ. ಮೊದಲು 15 ಸಲ ಹೋಗಬೇಕಿತ್ತು, ಈಗ 8 ಸಲದ್ದೂ ಇದೆ. ಕೇರಳದ ನಮ್ಮ ಕುಟುಂಬ ಆರೋಗ್ಯ ಕೇಂದ್ರಗಳಲ್ಲೂ ಇದು ಬೇಕು.

ಭಾವ: ಓದಿದೆ. ಒಪ್ಪುವುದಿಲ್ಲ. 22 ವರ್ಷ ಮಿಲಿಟರಿಯಲ್ಲಿ ಇದ್ದವನು ನಾನು. ಕೆಲವು ಮಾತು ಹೆಂಡತಿಯ ಎದುರು ಬಾಯಿಗೇ ಬರುವುದಿಲ್ಲ. ಅದೇ ದೇಶದಲ್ಲಿ ಒಬ್ಬರಿಗೇ ಕೊಡುವ, ಅರ್ಧ ಗಂಟೆಯಂತೆ 4 ಸಲದ ಚಿಕಿತ್ಸೆಯೂ ಇದೆಯಲ್ಲ. ಅದು ಸಾಕು.

ಅಣ್ಣ: ಈ ಜೋಡಿ ಚಿಕಿತ್ಸೆಯ ಬಗ್ಗೆ 2012ರಲ್ಲಿ ಬಂದ ಅಧ್ಯಯನ ಬರೀ 40 ಜೋಡಿಗಳದ್ದು. ಎಲ್ಲರೂ ಸೈನಿಕರಲ್ಲ. ಹೋಲಿಸಿದ್ದೂ ಚಿಕಿತ್ಸೆಗೆ ಕಾಯುತ್ತಿದ್ದವರ ಜೊತೆ. ಒಬ್ಬೊಬ್ಬರಿಗೆ ಕೊಡುವುದಕ್ಕಿಂತ ಇದು ಮೇಲು ಅಂತ ಅದರಿಂದ ಹೇಳಲಿಕ್ಕಾಗದು.

ನಾನು: ಸರಿ ಅಣ್ಣ. ಆದರೆ ತೊಂದರೆ ಕಡಿಮೆಯಾಗಿತ್ತು ಅಲ್ವಾ?

ಚಿಕ್ಕಮ್ಮ: ನಾನೊಂದು ಹೇಳುತ್ತೇನೆ. ಇವರು ಹೋಗಿ ಆರು ವರ್ಷ ಆಯಿತು, ಈಗ ಹೇಳಿದರೆ ತಪ್ಪಿಲ್ಲ. ರಾತ್ರಿ ಹಿಂದಿನ ಬಾಗಿಲಿನ ಚಿಲಕ ಮೂರು ಸಲ ನೋಡಿ ಬರುತ್ತಿದ್ದರು. ದೇವಸ್ಥಾನದಲ್ಲಿ ಗರ್ನಾಲು, ಆ ದೊಡ್ಡ ಸಿಡಿಮದ್ದು, ಹೊಡೆದರೆ ಉಣ್ಣುತ್ತಿದ್ದವರು ಎದ್ದು ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಕೈಯಲ್ಲಿ ಅನ್ನ ಹಾಗೇ ಇರುತ್ತಿತ್ತು. ನಾನು ಜಾತ್ರೆಗೆ ಹೋಗುವುದನ್ನೇ ಬಿಟ್ಟೆ. ಮಕ್ಕಳಿಗೆ ಪಟಾಕಿ ತರಲಿಲ್ಲ. ಯಾರಾದರೂ ಬಂದರೆ ಮಲಗಿದ್ದಾರೆ ಅಂತ ಸುಳ್ಳು ಹೇಳಿದೆ. ಎಲ್ಲ ಅವರಿಗೆ ಒಳ್ಳೆಯದಾಗಲಿ ಅಂತಲೇ. ಆಸ್ಪತ್ರೆಗೆ ಹೋದಾಗೆಲ್ಲ ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಮನೆಯಲ್ಲಿ ನೀವು ಏನು ಮಾಡುತ್ತೀರಿ ಅಂತ ಒಬ್ಬರೂ ಕೇಳಲಿಲ್ಲ.

ನಾನು: ಚಿಕ್ಕಮ್ಮಾ, ಆ ಚಿಕಿತ್ಸೆ ಹಿಡಿಯುವುದು ಇದನ್ನೇ. ಮನೆಯವರು ಪ್ರೀತಿಯಿಂದ ಹೆದರಿಕೆಯ ಜಾಗಗಳನ್ನು ತಪ್ಪಿಸಿ ಸುತ್ತು ಹಾಕಿಕೊಂಡು ಹೋದಷ್ಟೂ ಹೆದರಿಕೆ ಗಟ್ಟಿಯಾಗುತ್ತದೆ. ಬಿಟ್ಟ ಜಾಗಕ್ಕೆ ಇಬ್ಬರೂ ಸೇರಿ ಸ್ವಲ್ಪ ಸ್ವಲ್ಪವೇ ವಾಪಸು ಹೋಗಲು ಕಲಿಸುತ್ತಾರೆ.

ಭಾವ: ಚಿಕ್ಕಮ್ಮ ಹೇಳಿದ್ದು ಕೇಳಿ ಬೇಸರವಾಯಿತು. ಆದರೂ ಭಾಷೆ? ನಮ್ಮ ಕಡೆ ಕೌನ್ಸೆಲರ್ ಹೆಚ್ಚಾಗಿ ಮಲಯಾಳದವರು. ನನಗೆ ಯೂನಿಟ್ಟಿನವರ ಜೊತೆ ಇದ್ದು ಮಲಯಾಳ ಬಂತು. ನಿನ್ನ ಅಕ್ಕನಿಗೆ ಬಸ್ಸಿಗೆ, ಅಂಗಡಿಗೆ ಬೇಕಾದಷ್ಟೇ ಬರುತ್ತದೆ. ಅವಳ ದುಃಖವನ್ನು ನಾನೇ ಅನುವಾದ ಮಾಡಬೇಕಾ?

ನಾನು: ಅದು ನಿಜವಾದ ಕಷ್ಟ. ಕನ್ನಡ ಬಲ್ಲವರನ್ನು ನಾವು ಕೇಳಿಯೇ ಪಡೆಯಬೇಕು. ಅಲ್ಲಿಯವರೆಗೆ ಮನಸ್ಸಿನ ಆರೋಗ್ಯಕ್ಕೆ ಸರಕಾರದ ಸಹಾಯವಾಣಿ ಟೆಲಿಮಾನಸ್ 14416 ಇದೆ, ಭಾಷೆ ಆರಿಸಿಕೊಳ್ಳಬಹುದು.

ಅಕ್ಕ: ಇಷ್ಟು ಹೊತ್ತು ನೋಡುತ್ತಿದ್ದೆ. ನನಗೂ ಮೊದಲು ಒಬ್ಬಳೇ ಮಾತಾಡಬೇಕು. ಇವರ ಎದುರು ಅಲ್ಲ. ಆಮೇಲೆ ಒಟ್ಟಿಗೆ ಕೂರುತ್ತೇನೆ.

ನಾನು: ಅಕ್ಕ, ಇದನ್ನು ನಾನು ಮೊದಲೇ ಬರೆಯಬೇಕಿತ್ತು. ಮೊದಲು ಇಬ್ಬರನ್ನೂ ಬೇರೆ ಬೇರೆ ಕೇಳಲೇಬೇಕು. ಹೊಡೆತ ಬಡಿತ ಇರುವ ಮನೆಯಾದರೆ ಒಟ್ಟಿಗೆ ಕೂರಿಸಲೇಬಾರದು. ನಿಮ್ಮ ಮನೆ ಅಂತ ಅಲ್ಲ ಭಾವ, ಎಲ್ಲರಿಗೂ ಹೇಳಿದೆ.

ಭಾವ: ಒಬ್ಬಳೇ ಮಾತಾಡಬೇಕು ಅಂತ ನೀನು ನನ್ನ ಹತ್ತಿರ ಹೇಳಿಯೇ ಇಲ್ಲ.

ಅಕ್ಕ: ನೀವು ನಿದ್ದೆ ಮಾಡದ ರಾತ್ರಿ ನಾನೂ ಮಾಡಿಲ್ಲ.

ಭಾವ: ಗುರುವಾರ ಡಾಕ್ಟರ್ ಇರುತ್ತಾರಾ?

ನಾನು: ಇರುತ್ತಾರೆ. ಹತ್ತು ಗಂಟೆಗೆ ಮೊದಲು ಬನ್ನಿ. ಒಪಿ ಚೀಟಿ ಎರಡು ಮಾಡಿಸಿ ಇಡುತ್ತೇನೆ.