ದ್ವಿಪೌರರಿಗೆ ತಾಯ್ನಾಡಿನಲ್ಲಿ ಮತದ ಹಕ್ಕು ಉಂಟೇ?

ಪ್ರಶ್ನೆ: ಅಮೆರಿಕದ ಪೌರತ್ವ ಪಡೆದಿರುವ ನನ್ನ ಅಣ್ಣನ ಬಳಿ ಒಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡ್ ಇದೆ. ಹಾಸನದ ನಮ್ಮ ಊರಿನಲ್ಲಿ ಅವನು ಮತದಾರನಾಗಬಹುದೇ? ಶ್ರೀಲಂಕಾದಲ್ಲಿ ದ್ವಿಪೌರರೊಬ್ಬರು ಮಂತ್ರಿಯೇ ಆಗಿದ್ದರಲ್ಲವೇ?

ಉತ್ತರ 1: ಆಗದು. ಹೆಸರಿನಲ್ಲಿ 'ಸಿಟಿಜನ್' ಎಂದಿದ್ದರೂ ಒಸಿಐ ಎಂಬುದು ಪೌರತ್ವವಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಕಲಮಿನ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣವೇ ಭಾರತದ ಪೌರತ್ವ ಕೊನೆಗೊಳ್ಳುತ್ತದೆ. ಮತದಾರರ ಪಟ್ಟಿ, ಲೋಕಸಭೆ, ವಿಧಾನಸಭೆ, ರಾಷ್ಟ್ರಪತಿ ಹುದ್ದೆ, ಹೈಕೋರ್ಟ್ ನ್ಯಾಯಮೂರ್ತಿ ಸ್ಥಾನ ಇವೆಲ್ಲವನ್ನೂ 7ಬಿ ಕಲಮು ಒಸಿಐ ಕಾರ್ಡುದಾರರಿಗೆ ನಿರಾಕರಿಸಿದೆ.

ಉತ್ತರ 2: ಶ್ರೀಲಂಕಾದ ಮಾತು ನಿಜ, ಆದರೆ ಅಲ್ಲಿಯ ನಿಯಮ ಸರ್ಕಾರ ಬದಲಾದಂತೆ ಬದಲಾಗಿದೆ. 2015ರ 19ನೇ ತಿದ್ದುಪಡಿ ದ್ವಿಪೌರರು ಸಂಸತ್ತಿಗೆ ಆಯ್ಕೆಯಾಗುವುದನ್ನು ತಡೆಯಿತು. ಸ್ವಿಟ್ಜರ್ಲೆಂಡ್ ಪೌರತ್ವವೂ ಇದ್ದ ಗೀತಾ ಕುಮಾರಸಿಂಘೆ 2017ರಲ್ಲಿ ಸ್ಥಾನ ಕಳೆದುಕೊಂಡರು. 2020ರ 20ನೇ ತಿದ್ದುಪಡಿ ಆ ತಡೆಯನ್ನು ತೆಗೆದಿದ್ದರಿಂದಲೇ ಅಮೆರಿಕದ ಪೌರರೂ ಆಗಿದ್ದ ಬೆಸಿಲ್ ರಾಜಪಕ್ಸ 2021ರಲ್ಲಿ ಹಣಕಾಸು ಮಂತ್ರಿಯಾದರು, 2022ರ 21ನೇ ತಿದ್ದುಪಡಿ ಆ ತಡೆಯನ್ನು ಮತ್ತೆ ತಂದಿತು. ಒಬ್ಬ ವ್ಯಕ್ತಿಯನ್ನು ಕಣ್ಣಮುಂದಿಟ್ಟುಕೊಂಡು ಸಂವಿಧಾನ ತಿದ್ದಿದರೆ ಹೀಗೆಯೇ ಆಗುತ್ತದೆಂದು ನನ್ನ ಅನಿಸಿಕೆ.

ಉತ್ತರ 3: ನಿಮ್ಮ ಅಣ್ಣ ಗ್ರೀನ್ ಕಾರ್ಡಿನಲ್ಲೇ ನಿಂತಿದ್ದರೆ, ಅಂದರೆ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿದ್ದರೆ, ನಮೂನೆ 6ಎ ಸಲ್ಲಿಸಿ ಸಾಗರೋತ್ತರ ಮತದಾರನಾಗಬಹುದಿತ್ತು. ಆದರೆ ಮತ ಹಾಕಲು ಊರಿನ ಮತಗಟ್ಟೆಗೇ ಬಂದು ಮೂಲ ಪಾಸ್‌ಪೋರ್ಟ್ ತೋರಿಸಬೇಕು.