ರಾತ್ರಿ ಕಛೇರಿ ಕೇಳೋಕೆ ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನ್: ಡಿಟಿ 770 ಪ್ರೊ 80 ಓಮ್ ಸಾಕಾ, 250 ಬೇಕಾ?

ಮಂದ್ರಪಂಚಮ:
ಎಲ್ಲರಿಗೂ ನಮಸ್ಕಾರ. ರಾತ್ರಿ ಎರಡು ಗಂಟೆ ಕೂತು ಕೇಳೋದಕ್ಕೆ ವೈರ್ ಇರೋ ಹೆಡ್‌ಫೋನ್ ಬೇಕು. ಅದೇ ಕೋಣೆಯಲ್ಲಿ ಮಗು ಮಲಗಿರುತ್ತೆ, ಹಾಗಾಗಿ ಸದ್ದು ಹೊರಗೆ ಬಿಡೋ ಓಪನ್ ಬ್ಯಾಕ್ ಆಗಲ್ಲ. ಕೇಳೋದು ಹೆಚ್ಚಾಗಿ ಕರ್ನಾಟಕ ಸಂಗೀತ, ಅದರಲ್ಲೂ ಹಳೆಯ ಆಕಾಶವಾಣಿ ಧ್ವನಿಮುದ್ರಣ. ಫೋನ್‌ಗೆ 1 ವೋಲ್ಟ್ ಕೊಡೋ ಸಿ ಟೈಪ್ ಡಾಂಗಲ್ ಇದೆ, ಆಂಪ್ (ಧ್ವನಿ ಹೆಚ್ಚಿಸೋ ಆಂಪ್ಲಿಫೈಯರ್) ಇಲ್ಲ. ಕನ್ನಡಕ ಹಾಕ್ತೀನಿ. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ, ಆಡಿಯೊ ಟೆಕ್ನಿಕಾ ಎಂ50ಎಕ್ಸ್ ಎರಡು ಮನಸ್ಸಲ್ಲಿವೆ. 770 ಬೇರೆ ಬೇರೆ ಓಮ್ (ವಿದ್ಯುತ್ ತಡೆ) ಇರೋ ಬಗೆಗಳಲ್ಲಿ ಬರುತ್ತೆ; ಅದರಲ್ಲಿ 250 ಓಮ್‌ದೇ ಚೆನ್ನಾಗಿ ಕೇಳುತ್ತೆ ಅಂತಾರೆ, ನಿಜವಾ?

ವೋಲ್ಟ್ ಲೆಕ್ಕ:
ಲೆಕ್ಕ ಹಾಕೇ ನೋಡೋಣ ಸರ್. 770 ಪ್ರೊದ ಸೂಕ್ಷ್ಮತೆ, ಅಂದರೆ ಇಷ್ಟು ಶಕ್ತಿಗೆ ಎಷ್ಟು ಸದ್ದು ಅನ್ನೋದು, 1 ಮಿಲಿವ್ಯಾಟ್‌ಗೆ 96 ಡಿಬಿ. ನಿಮ್ಮ 1 ವೋಲ್ಟ್‌ನಲ್ಲಿ 250 ಓಮ್‌ಗೆ ಸಿಗೋದು 4 ಮಿಲಿವ್ಯಾಟ್, ಅಂದರೆ 102 ಡಿಬಿ. 80 ಓಮ್‌ಗೆ 12.5 ಮಿಲಿವ್ಯಾಟ್, 107 ಡಿಬಿ. ಎಂ50ಎಕ್ಸ್ 38 ಓಮ್, 99 ಡಿಬಿ; ಅದು 113ರವರೆಗೂ ಹೋಗುತ್ತೆ.

ಸರಾಸರಿ 70 ಡಿಬಿಯಲ್ಲಿ ಕೇಳ್ತೀರಿ ಅಂದ್ಕೊಳ್ಳಿ. ತನಿ ಆವರ್ತನದಲ್ಲಿ ಮೃದಂಗದ ಪೆಟ್ಟು ಅದಕ್ಕಿಂತ 20 ಡಿಬಿ ಮೇಲೆ ಹಾರಿದರೂ 90. ಹಾಗೆ ನೋಡಿದರೆ 250 ಕೂಡ ಸಾಕು. ಆದರೆ ತೊಡಕು ಹಳೆಯ ಧ್ವನಿಮುದ್ರಣದಲ್ಲಿದೆ. ಅವುಗಳ ಫೈಲ್‌ನಲ್ಲೇ ಮಟ್ಟ ಕೆಳಗಿರುತ್ತೆ. ಅತಿ ಜೋರಾದ ಪೆಟ್ಟೂ ಪೂರ್ತಿ ಮಟ್ಟಕ್ಕಿಂತ 15 ಡಿಬಿ ಕೆಳಗಿದ್ದರೆ, 250 ಓಮ್‌ನಲ್ಲಿ ವಾಲ್ಯೂಮ್ ಕೊನೆಗೆ ತಿರುಗಿಸಿದರೂ 87ಕ್ಕೇ ನಿಲ್ಲುತ್ತೆ, ಹಾಡುಗಾರಿಕೆ 67ರ ಆಸುಪಾಸಿಗೆ ಇಳಿಯುತ್ತೆ. ಮೇಲೆ ಫ್ಯಾನ್ ತಿರುಗ್ತಾ ಇದ್ದರೆ ಆಲಾಪನೆಯ ಕೊನೆಯ ಎಳೆ ಕೇಳಿಸಲ್ಲ. ಆಂಪ್ ಇಲ್ಲದಿದ್ದರೆ 80 ತಗೊಳ್ಳಿ.

250ರ ಧ್ವನಿ ಮೇಲು ಅನ್ನೋ ಮಾತಿಗೆ ಅಷ್ಟು ತೂಕ ಕೊಡಬೇಡಿ. ಪ್ಯಾಡ್ ಕಿವಿಯ ಸುತ್ತ ಅರ್ಧ ಸೆಂಟಿಮೀಟರ್ ಸರಿದರೆ ಆಗೋ ಬದಲಾವಣೆಯೂ ಸಣ್ಣದಲ್ಲ.

ಇನ್ನೊಂದು: ಕೆಲವು ಡಾಂಗಲ್‌ಗಳು ಆಂಡ್ರಾಯ್ಡ್ ಫೋನ್‌ನಲ್ಲಿ ಪೂರ್ತಿ ವೋಲ್ಟೇಜ್ ಕೊಡಲ್ಲ. ಅದೇ ಡಾಂಗಲ್‌ಅನ್ನು ಲ್ಯಾಪ್‌ಟಾಪ್‌ಗೆ ಹಾಕಿ ಅದೇ ಫೈಲ್ ನುಡಿಸಿ. ಅಲ್ಲಿ ಜೋರಾಗಿ ಕೇಳಿದರೆ ಹೆಡ್‌ಫೋನ್‌ಅನ್ನು ದೂರಬೇಡಿ.

ಕಡಲತಡಿ:
ವೋಲ್ಟ್ ಲೆಕ್ಕ ಅವರು ಹೇಳಿದ್ದು ಸರಿ. ಆದರೆ ನಿಮ್ಮ ವಿಷಯದಲ್ಲಿ ಓಮ್‌ಗಿಂತ ಮುಖ್ಯವಾದದ್ದು ಕನ್ನಡಕ. ಕ್ಲೋಸ್ಡ್ ಬ್ಯಾಕ್‌ನಲ್ಲಿ ಬಾಸ್ ನಿಲ್ಲುವುದೇ ಪ್ಯಾಡ್ ತಲೆಗೆ ಸಂದಿಲ್ಲದೆ ಅಂಟಿದಾಗ. ಕನ್ನಡಕದ ಕಡ್ಡಿ ದಪ್ಪಗಿದ್ದರೆ ಕಿವಿಯ ಮುಂದೊಂದು, ಹಿಂದೊಂದು ಸಂದು ಬೀಳುತ್ತದೆ. ಬಾಸ್ ಅಲ್ಲಿಂದ ಸೋರುತ್ತದೆ, ಮಗುವಿಗೆ ಕೇಳುವ ಸದ್ದೂ ಅಲ್ಲಿಂದಲೇ ಹೊರಡುತ್ತದೆ.

ಪರೀಕ್ಷೆ ಸುಲಭ. 50 ಹರ್ಟ್ಸ್ ಸ್ವರ ಮೆತ್ತಗೆ ಹಾಕಿ, ಕನ್ನಡಕ ಹಾಕಿಕೊಂಡೇ ಎರಡೂ ಕಪ್‌ಗಳನ್ನು ಬೆರಳಿಂದ ಸ್ವಲ್ಪ ಒತ್ತಿ. ಒತ್ತಿದಾಗ ಸ್ವರ ಉಬ್ಬಿದರೆ ಸೋರುತ್ತಿದೆ ಎಂದೇ ಅರ್ಥ. ಅಂಗಡಿಯಲ್ಲೇ ಮಾಡಿ ನೋಡಬಹುದು. ಆಮೇಲೆ ಮನೆಯವರೊಬ್ಬರನ್ನು ಒಂದು ಮೀಟರ್ ದೂರ ಕೂರಿಸಿ, ನೀವು ಕೇಳುವ ವಾಲ್ಯೂಮ್‌ನಲ್ಲೇ ನುಡಿಸಿ.

770ರ 80 ಮತ್ತು 250 ಎರಡಕ್ಕೂ ಬರುವುದು ಮಖಮಲ್ಲಿನಂಥ ವೆಲೂರ್ ಪ್ಯಾಡ್. ಮೆದು, ಕಡ್ಡಿಯ ಸುತ್ತ ಬಗ್ಗುತ್ತದೆ, ಬೆವರೂ ಕಡಿಮೆ. ಎಂ50ಎಕ್ಸ್‌ದು ಕೃತಕ ಚರ್ಮ. ಆಳ ಕಡಿಮೆಯಾದ್ದರಿಂದ ಕಿವಿಯ ತುದಿ ಒಳಗೆ ತಾಗುತ್ತದೆ. ಎರಡು ಗಂಟೆಗೆ ಅದು ಹಿಂಸೆ. ನಮ್ಮ ಮಂಗಳೂರು, ಉಡುಪಿ ಕಡೆಯ ತೇವಕ್ಕೆ ಕೃತಕ ಚರ್ಮ ಕಪ್ಪು ಹೊಪ್ಪಳೆಯಾಗಿ ಉದುರಿ ಕಿವಿಗೆ ಅಂಟುತ್ತದೆ.

ಮಗು ಅತ್ತರೆ ಕೇಳಲೇಬೇಕಲ್ಲ? ಮನೆಯಲ್ಲಿ ಬೇರೆ ಯಾರೂ ಎಚ್ಚರವಿಲ್ಲದಿದ್ದರೆ ಒಂದು ಕಪ್ ಕಿವಿಯ ಹಿಂದಕ್ಕೆ ಸರಿಸಿಟ್ಟು ಕೇಳಿ. ಆದರೆ ತೆರೆದ ಆ ಕಪ್‌ನಿಂದ ಸದ್ದು ಹೊರಗೆ ಬರುತ್ತದೆ, ವಾಲ್ಯೂಮ್ ತಗ್ಗಿಸಬೇಕಾಗುತ್ತದೆ.

ಗುಮ್ಕಿ:
ಮೃದಂಗದ ಬಗ್ಗೆ ಯಾರೂ ಹೇಳಲಿಲ್ಲ. ಎಡಗೈಯ ತೊಪ್ಪಿಯಲ್ಲಿ (ಎಡಮುಖದಲ್ಲಿ) ಗುಮ್ಕಿ, ಅಂದರೆ ಕೈ ಒತ್ತಿ ಜಾರಿಸೋ ಪೆಟ್ಟು, ಕೊಟ್ಟಾಗ ಸ್ವರ ಜಾರಿ ಮೇಲೇರುತ್ತೆ. ಬಾಸ್ ಉಬ್ಬಿರೋ ಹೆಡ್‌ಫೋನ್‌ನಲ್ಲಿ ಆ ಜಾರು ಕೇಳಿಸಲ್ಲ, ಬರೀ 'ದುಂ' ಅನ್ನುತ್ತೆ. 770, ಎಂ50ಎಕ್ಸ್ ಎರಡರಲ್ಲೂ ಕೆಳಗಿನ ಧ್ವನಿ ಸ್ವಲ್ಪ ಜಾಸ್ತಿಯೇ. ಜೊತೆಗೆ 770ರಲ್ಲಿ 8ರಿಂದ 9 ಕಿಲೋಹರ್ಟ್ಸ್ ಹತ್ತಿರ ಒಂದು ಚೂಪು, ಅಂದರೆ ಧ್ವನಿಯ ಉಬ್ಬು, ಇದೆ. ಹೊಸ ಧ್ವನಿಮುದ್ರಣದಲ್ಲಿ ಅದು ಪಿಟೀಲಿನ ಕಮಾನು ತಂತಿಗೆ ತಾಗೋದನ್ನ ಸ್ಪಷ್ಟ ಮಾಡುತ್ತೆ. ಹಳೆಯ ಟೇಪಿನಲ್ಲಿ 'ಸ್ಸ್' ಅನ್ನೋ ಸದ್ದನ್ನೇ ಮುಂದೆ ತಂದು ನಿಲ್ಲಿಸುತ್ತೆ. ನೀವು ಕೇಳೋದೇ ಅದು, ಹಾಗಾಗಿ ಈಕ್ವಲೈಸರ್ (ಮೇಲಿನ, ಕೆಳಗಿನ ಧ್ವನಿಯನ್ನ ಬೇರೆ ಬೇರೆಯಾಗಿ ಏರಿಸಿ ಇಳಿಸೋದು) ಬೇಕೇ ಬೇಕು.

ಲ್ಯಾಪ್‌ಟಾಪ್‌ನಲ್ಲಿ ಈಕ್ವಲೈಸರ್ ಎಪಿಒ ಅನ್ನೋ ವಿಂಡೋಸ್ ತಂತ್ರಾಂಶ ಹಾಕಿ 8.5 ಕಿಲೋಹರ್ಟ್ಸ್‌ನಲ್ಲಿ 4 ಡಿಬಿ ಇಳಿಸಿ, ಕ್ಯೂ (ಎಷ್ಟು ಅಗಲಕ್ಕೆ ಇಳಿಸಬೇಕು ಅನ್ನೋ ಅಂಕಿ) 2 ಇಡಿ. ಚೂಪು ಎಲ್ಲಿದೆ ಅನ್ನೋದು ಕಿವಿಯಿಂದ ಕಿವಿಗೆ ಬದಲಾಗುತ್ತೆ. 7.5ರಿಂದ 9.5ರವರೆಗೆ ಸರಿಸ್ತಾ ಹೋಗಿ, 'ಸ' ಅಕ್ಷರ ಮೆತ್ತಗಾದ ಜಾಗದಲ್ಲಿ ನಿಲ್ಲಿಸಿ. ಕೆಳಗೆ 100 ಹರ್ಟ್ಸ್ ಹತ್ತಿರ 2 ಡಿಬಿ ತೆಗೆದರೆ ಗುಮ್ಕಿ ಬಿಡಿಸಿಕೊಂಡು ಕೇಳುತ್ತೆ. ಬರೀ ಇಳಿಸೋದಾದರೆ ಧ್ವನಿ ಒಡೆಯೋ ಭಯವಿಲ್ಲ.

ಮಂದ್ರಪಂಚಮ:
ಎಲ್ಲರಿಗೂ ಧನ್ಯವಾದ. ಹಾಗಾದರೆ 80 ಓಮ್. ಪ್ಯಾಡ್ ಹಳತಾದರೆ ಮನೆಯಲ್ಲೇ ಬದಲಿಸಬಹುದಾ? ವೈರ್ ಕಳಚಲ್ಲ ಅಂತ ಓದಿದೆ, ಅದೊಂದು ಯೋಚನೆ.

ಕಡಲತಡಿ:
ಧಾರಾಳವಾಗಿ ಬದಲಿಸಬಹುದು. ಪ್ಯಾಡಿನ ಹೆಸರು ಇಡಿಟಿ 770 ವಿ. ಹಳೆಯದನ್ನು ಒಂದು ಅಂಚಿನಿಂದ ಬೆರಳಲ್ಲೇ ಎಳೆಯಿರಿ, ಸ್ಕ್ರೂಡ್ರೈವರ್ ತೂರಿಸಬೇಡಿ. ಒಳಗೆ ಸದ್ದು ಹೊರಡಿಸುವ ಡ್ರೈವರ್ ಮೇಲೆ ತೆಳುವಾದ ಫೋಮ್ ಬಿಲ್ಲೆ ಇರುತ್ತದೆ, ಅದನ್ನು ಎಸೆಯಬೇಡಿ. ಅದಿಲ್ಲದಿದ್ದರೆ ಆ ಚೂಪು ಇನ್ನೂ ಹೆಚ್ಚುತ್ತದೆ, ತಲೆಗೂದಲು ಒಳಗೆ ಹೊಕ್ಕು ಡ್ರೈವರ್‌ಗೆ ತಾಗಿದರೆ ತಂಬೂರಿಯ ಮಂದ್ರದಲ್ಲಿ ಪರಪರ ಸದ್ದು ಬರುತ್ತದೆ. ಹೊಸ ಪ್ಯಾಡಿನ ಹಿಂದಿನ ಬಟ್ಟೆಯಂಚನ್ನು ಮೇಲುಗಡೆ ಸಿಕ್ಕಿಸಿ, ದಿಂಬಿಗೆ ಕವರ್ ಏರಿಸುವ ಹಾಗೆ ಸುತ್ತಲೂ ಹೆಬ್ಬೆರಳಲ್ಲಿ ಎಳೆಯುತ್ತಾ ಬನ್ನಿ. ಒಗೆದರೆ ಪೂರ್ತಿ ಒಣಗಿಸಿ. ಮಳೆಗಾಲದಲ್ಲಿ ಒಂದು ದಿನ ಸಾಲುವುದಿಲ್ಲ.

ವೋಲ್ಟ್ ಲೆಕ್ಕ:
80 ಓಮ್‌ಗೆ ಬರೋದು 3 ಮೀಟರ್ ನೇರ ವೈರ್. ಗಾಲಿ ಕುರ್ಚಿ ಅದರ ಮೇಲೆ ಹರಿಯದ ಹಾಗೆ ಸುತ್ತಿ, ವೆಲ್ಕ್ರೊ ಪಟ್ಟಿ ಕಟ್ಟಿಡಿ. ಒಂದು ಕಿವಿ ನಿಂತರೆ ಮೊದಲು ಪ್ಲಗ್ ಹತ್ತಿರ ಅಲ್ಲಾಡಿಸಿ ನೋಡಿ. ಅಲ್ಲಿ ಬಂದು ಹೋಗಿ ಮಾಡಿದರೆ 5 ಸೆಂಟಿಮೀಟರ್ ಕತ್ತರಿಸಿ ಹೊಸ 3.5 ಎಂಎಂ ಸ್ಟೀರಿಯೊ ಪ್ಲಗ್ ಬೆಸೆಯಬಹುದು. ಒಳಗಿನ ಎಳೆಗಳ ಮೇಲೆ ಬಣ್ಣದ ಲೇಪ ಇದ್ದರೆ ಬಿಸಿ ಸೋಲ್ಡರ್‌ನಲ್ಲಿ ಅದ್ದಿ ಸುಟ್ಟು ತೆಗೆಯಿರಿ, ಇಲ್ಲದಿದ್ದರೆ ಬೆಸುಗೆ ಹಿಡಿಯಲ್ಲ. ವೈರ್ ಹೋಗೋದು ಎಡಗಡೆ ಕಪ್‌ಗೆ ಮಾತ್ರ, ಬಲಕ್ಕೆ ತಲೆಪಟ್ಟಿ ಮೂಲಕ ದಾಟುತ್ತೆ. ಬಲಗಿವಿ ಒಂದೇ ಸತ್ತಿದ್ದು ಪ್ಲಗ್ ಸರಿ ಇದ್ದರೆ, ತಲೆಪಟ್ಟಿಯ ಎರಡು ತುದಿಯಲ್ಲಿ ಕಾಣೋ ಸಣ್ಣ ವೈರ್ ನೋಡಿ.